ಹಾಯಿದೋಣಿಗೆ ಮೋಟರ್ ಕೂರಿಸುವ ಮುನ್ನ ಹಿಂದಿನ ಗೋಡೆ ನೋಡಿ

ಚಿಕ್ಕ ಹಾಯಿದೋಣಿಗೆ ಮೋಟರ್ ಯಾಕೆ ಅಂತ ಕೇಳುವವರಿದ್ದಾರೆ. ಸಂಜೆ ಗಾಳಿ ನಿಂತು, ಹಾಯಿ ಜೋತುಬಿದ್ದು, ಕೆರೆ ಏರಿಯನ್ನು ದೂರದಿಂದಲೇ ನೋಡುತ್ತಾ ಕೂತವರು ಮಾತ್ರ ಕೇಳುವುದಿಲ್ಲ. ಹುಟ್ಟು ಹಾಕಿ ದಡ ಸೇರಬಹುದು, ನಿಜ. ಜೊತೆಯಲ್ಲಿ ಮಕ್ಕಳಿದ್ದು ಮೇಲೆ ಮೋಡ ಕಟ್ಟಿದ್ದರೆ ಆ ಮಾತು ಬೇರೆ.

ದುಡ್ಡಿದ್ದರೆ ಮೋಟರ್ ಸಿಗುತ್ತದೆ. ಅದನ್ನು ದೋಣಿಗೆ ಗಟ್ಟಿಯಾಗಿ ಕೂರಿಸುವುದೇ ಕೆಲಸ. ಚಿಕ್ಕ ಹಾಯಿದೋಣಿಯ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಎಷ್ಟೋ ದೋಣಿಗಳಲ್ಲಿ ಅದನ್ನು ಮಾಡಿರುವುದು ಚುಕ್ಕಾಣಿ ಹೊರಲಿಕ್ಕೆ. ಮೋಟರ್ ಹೊರಲಿಕ್ಕೆ ಅಲ್ಲ. ಅದಕ್ಕೇ ಈ ಬರಹದ ಅರ್ಧ ಭಾಗ ಆ ಗೋಡೆಯ ಬಗ್ಗೆಯೇ ಇದೆ.

ಯಾವ ನೀರು, ಯಾವ ಮೋಟರ್

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನದಿ ಹರಿಯುವುದಕ್ಕಿಂತ ಕೆರೆ ತುಂಬುವುದೇ ಸುದ್ದಿ. ಇಲ್ಲಿ ದೋಣಿ ಇಳಿಸುವವರು ಮೊದಲು ಕೆರೆ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಬೇಕು. ದೊಡ್ಡ ಕೆರೆಯಾದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಚಿಕ್ಕದಾದರೆ ಪಂಚಾಯಿತಿ. ಜೊತೆಗೆ ಮೀನು ಹಿಡಿಯುವ ಗುತ್ತಿಗೆದಾರರು ಬೇರೆ. ಅವರ ಬಲೆ ಎಲ್ಲೆಲ್ಲಿ ಬಿಟ್ಟಿದೆ ಅಂತ ಕೇಳಿಕೊಳ್ಳುವುದು ಮರ್ಯಾದೆಯೂ ಹೌದು, ಮೋಟರಿನ ಪ್ರೊಪೆಲರಿಗೆ, ಅಂದರೆ ನೀರಿನಡಿ ತಿರುಗುವ ರೆಕ್ಕೆಗೆ, ಕ್ಷೇಮವೂ ಹೌದು.

ಕುಡಿಯುವ ನೀರಿನ ಕೆರೆಗಳ ತಂಟೆಗೆ ಹೋಗಬೇಡಿ. ತುಮಕೂರು ನಗರಕ್ಕೆ ನೀರು ಕೊಡುವ ಬುಗುಡನಹಳ್ಳಿ, ಚಿಕ್ಕಬಳ್ಳಾಪುರ ದೊಡ್ಡಬಳ್ಳಾಪುರಗಳಿಗೆ ಕೊಡುವ ಜಕ್ಕಲಮಡುಗು, ಇಂಥ ಕಡೆ ಪೆಟ್ರೋಲ್ ಮೋಟರಿನ ಮಾತೇ ಬೇಡ. ಬೇರೆ ಕಡೆ ಅನುಮತಿ ಸಿಕ್ಕಿದರೂ ನನ್ನ ಓಟು ಎಲೆಕ್ಟ್ರಿಕ್ ಮೋಟರಿಗೇ. ಸದ್ದಿಲ್ಲ, ನೀರಿನ ಮೇಲೆ ಎಣ್ಣೆ ಬೀಳುವುದಿಲ್ಲ, ಬ್ಯಾಟರಿ ಬಿಟ್ಟರೆ ಹಿಂದಿನ ಗೋಡೆ ಮೇಲೆ ಬೀಳುವ ತೂಕವೂ ಕಡಿಮೆ. ಮಲ್ಪೆ, ಕಾರವಾರದ ಕಡೆ ದೋಣಿ ಒಯ್ಯುವ ಯೋಚನೆ ಇದ್ದರೆ ಮಾತ್ರ ಪೆಟ್ರೋಲ್ ಮೋಟರ್ ಲೆಕ್ಕಕ್ಕೆ ಬರುತ್ತದೆ. 2.5 ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟರ್ ಸುಮಾರು 17 ಕೆಜಿ ತೂಗುತ್ತದೆ, 5-6 ಎಚ್‌ಪಿಯದು 25 ಕೆಜಿ ಮೇಲೆಯೇ. ಮೋಟರನ್ನು ತೂಗುಹಾಕಲು ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಚೌಕಟ್ಟೇ ಬ್ರಾಕೆಟ್. ಹಳೆಯ ಟೂ ಸ್ಟ್ರೋಕ್ ಮೋಟರ್ ಹೊರುತ್ತಿದ್ದ ಬ್ರಾಕೆಟ್ಟಿಗೆ ಹೊಸ ಫೋರ್ ಸ್ಟ್ರೋಕ್ ಏರಿಸುವವರು ಮೊದಲು ಬ್ರಾಕೆಟ್ ಮೇಲೆ ಬರೆದಿರುವ ತೂಕದ ಮಿತಿ ಓದಿ.

ನಮ್ಮ ಕೆರೆಗಳಲ್ಲಿ ಇನ್ನೊಂದು ಅಪಾಯವಿದೆ. ಕೋಲಾರದ ಕೆರೆಗಳು ವರ್ಷಗಟ್ಟಲೆ ಒಣಗಿ, ಅಂಗಳದ ತುಂಬ ಜಾಲಿ ಬೆಳೆದಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದರ ಹಿಂದೆ ಒಂದು ಕೆರೆ ತುಂಬುತ್ತಾ ಹೋಯಿತು. ಇಂಥ ಕೆರೆಯಲ್ಲಿ ಮರ ಕಡಿದಿದ್ದರೂ ಬುಡ ನೀರಿನಡಿ ಹಾಗೇ ನಿಂತಿರಬಹುದು. ಓಡುವ ಮೋಟರಿನ ಕಾಲಿಗೆ, ಅಂದರೆ ನೀರಿಗಿಳಿಯುವ ಉದ್ದನೆಯ ಭಾಗಕ್ಕೆ, ಅಂಥ ಒಂದು ಬುಡ ತಗುಲಿದರೆ ಆ ಏಟು ನೇರವಾಗಿ ಹೋಗುವುದು ಬ್ರಾಕೆಟ್ಟಿಗೆ, ಅಲ್ಲಿಂದ ಗೋಡೆಗೆ. ಮೋಟರ್ ಮೇಲೆ ಮಡಚಿಕೊಳ್ಳದಂತೆ ಹಿಡಿಯುವ ಚಿಲಕಕ್ಕೆ ಟಿಲ್ಟ್ ಲಾಕ್ ಅನ್ನುತ್ತಾರೆ. ಮುಂದಕ್ಕೆ ಹೋಗುವಾಗ ಅದನ್ನು ಬಿಟ್ಟಿರಬೇಕು, ಏಟು ಬಿದ್ದರೆ ಕಾಲು ತಾನಾಗಿ ಮೇಲೆ ಎದ್ದುಬಿಡಬೇಕು. ರಿವರ್ಸ್ ಹಾಕುವಾಗ ಮಾತ್ರ ಲಾಕ್.

ಎಳೆತ ಎಲ್ಲಿ ಬೀಳುತ್ತದೆ

ತುಮಕೂರಿನ ಅಂತರಸನಹಳ್ಳಿ ಕಡೆ ಫ್ಯಾಬ್ರಿಕೇಷನ್ ಮಾಡುವ ಹುಡುಗನೊಬ್ಬ ಬ್ರಾಕೆಟ್ ಮಾಡಿಕೊಟ್ಟು, "ಅಣ್ಣ, ನಾಲ್ಕು ಬೋಲ್ಟ್ ಬಿಗಿದುಬಿಡಿ, ಆನೆ ಎಳೆದ್ರೂ ಬರಲ್ಲ" ಅಂದ. "ಬೋಲ್ಟ್ ಬರಲ್ಲ ಕಣಪ್ಪ, ಗೋಡೆನೇ ಕಿತ್ಕೊಂಡು ಬರುತ್ತೆ" ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕಬ್ಬಿಣದ ಜೊತೆ ಕೆಲಸ ಮಾಡುವವರಿಗೆ ಫೈಬರ್ ಎಷ್ಟು ಮೆತ್ತಗೆ ಅಂತ ಅಂದಾಜಿರುವುದಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಲೆಕ್ಕ ಹಾಕಿ ತೋರಿಸಿದೆ.

55 ಪೌಂಡ್ ನೂಕುವ ಎಲೆಕ್ಟ್ರಿಕ್ ಮೋಟರ್ ಅಂದರೆ ಸುಮಾರು 25 ಕೆಜಿ ನೂಕುಬಲ. ಮೋಟರಿನ ತೂಕ 10 ಕೆಜಿ ಅಂತ ಇಟ್ಟುಕೊಳ್ಳಿ. ಆ ತೂಕ ಗೋಡೆಯಿಂದ ಕಾಲು ಮೀಟರ್ ಹಿಂದೆ ತೂಗುತ್ತಿದೆ. ಹತ್ತು ಕಾಲಲೆ ಎರಡೂವರೆ. ಪ್ರೊಪೆಲರ್ ಇರುವುದು ಬ್ರಾಕೆಟ್ಟಿನ ಕೆಳಸಾಲಿನ ಬೋಲ್ಟಿಗಿಂತ 60 ಸೆಂ.ಮೀ. ಕೆಳಗೆ. 25ನ್ನು 0.6ರಿಂದ ಗುಣಿಸಿದರೆ 15. ದೋಣಿ ಮುಂದಕ್ಕೆ ಹೋಗುವಾಗ ಪ್ರೊಪೆಲರ್ ಕೆಳಗಡೆ ಮುಂದಕ್ಕೆ ಒತ್ತುತ್ತದೆ, ಬ್ರಾಕೆಟ್ಟಿನ ತಲೆ ಹಿಂದಕ್ಕೆ ವಾಲಲು ನೋಡುತ್ತದೆ. ತೂಕವೂ ತಲೆಯನ್ನು ಹಿಂದಕ್ಕೇ ಎಳೆಯುತ್ತದೆ. ಎರಡೂ ಕೂಡಿ 17.5. ಬೋಲ್ಟಿನ ಮೇಲುಸಾಲಿಗೂ ಕೆಳಸಾಲಿಗೂ 20 ಸೆಂ.ಮೀ. ಅಂತರವಿದ್ದರೆ 17.5ನ್ನು 0.2ರಿಂದ ಭಾಗಿಸಿ, ಮೇಲಿನ ಎರಡು ಬೋಲ್ಟ್ ಸೇರಿ ತಡೆಯಬೇಕಾದ ಎಳೆತ 87 ಕೆಜಿ ಚಿಲ್ಲರೆ. ಅಂತರವನ್ನು 10 ಸೆಂ.ಮೀ.ಗೆ ಇಳಿಸಿದರೆ ಅದೇ 175 ಕೆಜಿ ಆಗುತ್ತದೆ. ಇದು ಅಲೆಯಿಲ್ಲದ ನೀರಿನ ಲೆಕ್ಕ. ಅಲೆಗೆ ಕುಣಿದರೆ, ಮರದ ಬುಡ ತಗುಲಿದರೆ ಇನ್ನೂ ಜಾಸ್ತಿ.

ಎಂಟು ಎಂಎಂ ಬೋಲ್ಟಿಗೆ ಇದು ಏನೂ ಅಲ್ಲ. ಆದರೆ ಬೋಲ್ಟಿನ ಹಿಂದೆ ಬರೀ ಒಂದು ಚಿಕ್ಕ ವಾಷರ್ ಇದ್ದರೆ ಆ ಪೂರ್ತಿ ಎಳೆತ ರೂಪಾಯಿ ಅಗಲದ ಫೈಬರ್ ಮೇಲೆ ಕೂರುತ್ತದೆ. ಅದಕ್ಕೇ ಬ್ರಾಕೆಟ್ ಆದಷ್ಟು ಎತ್ತರದ್ದಿರಲಿ, ಒಳಗಡೆ ಅಗಲವಾದ ಪ್ಲೇಟ್ ಇರಲಿ. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿವರ.

ಗೋಡೆ ತಟ್ಟಿ ನೋಡಿ

ಫೈಬರ್ ದೋಣಿಯ ಹಿಂದಿನ ಗೋಡೆ ಬಹಳ ಸಲ ಮೂರು ಪದರದ್ದು. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್ಡೋ ಬೇರೆ ಹಗುರ ಮರವೋ. ಹಳೆಯ ದೋಣಿಯಲ್ಲಿ ಈ ನಡುವಿನ ಮರಕ್ಕೆ ನೀರಿಳಿದು ಕೊಳೆತಿರುತ್ತದೆ. ಹೊರಗಿನ ಬಣ್ಣ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಎರಡೆರಡು ಬೆರಳಿನಷ್ಟು ಸರಿಸುತ್ತಾ ಗೋಡೆಯನ್ನು ಪೂರ್ತಿ ತಟ್ಟಿ. ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾದ ಸದ್ದು. ಕೊಳೆತ ಕಡೆ, ಪದರ ಬಿಟ್ಟ ಕಡೆ ಸದ್ದು ಮಂಕಾಗಿ ಡಬ್ ಅನ್ನುತ್ತದೆ. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಹಳೆಯ ತೂತು, ಚುಕ್ಕಾಣಿಯ ಕೊಂಡಿ, ನೀರು ಬಿಡುವ ಬಿರಡೆ, ಇವುಗಳ ಸುತ್ತ ಎರಡು ಸಲ ತಟ್ಟಿ. ಕೊಳೆತ ಶುರುವಾಗುವುದೇ ಅಲ್ಲಿ. ಅನುಮಾನ ಬಂದರೆ ಒಳಬದಿಯಿಂದ ಸಣ್ಣ ಡ್ರಿಲ್ ಬಿಟ್ಟಿನಲ್ಲಿ ಒಂದು ತೂತು ಹಾಕಿ, ಹೊರಗೆ ಬಂದ ಪುಡಿ ನೋಡಿ. ಒಣಗಿದ, ತಿಳಿ ಬಣ್ಣದ ಮರದ ಪುಡಿ ಬಂದರೆ ಸರಿ. ಕಪ್ಪಗೆ, ಒದ್ದೆಯಾಗಿ, ಬಿಟ್ಟಿಗೆ ಮೆತ್ತಿಕೊಂಡು ಬಂದರೆ ಮೋಟರಿನ ಯೋಚನೆ ಪಕ್ಕಕ್ಕಿಟ್ಟು ಮೊದಲು ಗೋಡೆ ರಿಪೇರಿ ಮಾಡಿಸಿ. ಕೊಳೆತ ಮರದ ಮೇಲೆ ಎಷ್ಟು ದೊಡ್ಡ ಪ್ಲೇಟ್ ಹಾಕಿದರೂ ಬಿಗಿದಷ್ಟೂ ಒಳಗೆ ಕುಸಿಯುತ್ತಲೇ ಇರುತ್ತದೆ.

ಜಾಗ ಹುಡುಕುವುದು

ಮಧ್ಯದಲ್ಲಿ ಚುಕ್ಕಾಣಿ ಇರುವುದರಿಂದ ಮೋಟರ್ ಎಡಕ್ಕೋ ಬಲಕ್ಕೋ ಹೋಗಬೇಕು. ಯಾವ ಕಡೆ ಅನ್ನುವುದಕ್ಕೆ ಶಾಸ್ತ್ರವೇನಿಲ್ಲ. ನಿಮ್ಮ ಕೈಗೆ ಯಾವುದು ಸಲೀಸೋ ಅದು. ಆದರೆ ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ರಟ್ಟಿನಲ್ಲಿ ಬ್ರಾಕೆಟ್ಟಿನ ಅಳತೆ ಕತ್ತರಿಸಿ, ಟೇಪ್ ಹಾಕಿ ಗೋಡೆಗೆ ಅಂಟಿಸಿ. ಆಮೇಲೆ ಚುಕ್ಕಾಣಿಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಪ್ರೊಪೆಲರಿನ ಸುತ್ತಳತೆಗೂ ಚುಕ್ಕಾಣಿಯ ಅಂಚಿಗೂ ನಡುವೆ ಒಂದು ಗೇಣಾದರೂ ಇರಲಿ. ಮೋಟರನ್ನೇ ತಿರುಗಿಸಿ ದಿಕ್ಕು ಬದಲಿಸುವ ಅಭ್ಯಾಸ ಇದ್ದರೆ ಅದನ್ನೂ ತಿರುಗಿಸಿ ಅಳೆಯಿರಿ.

ಎತ್ತರದ ವಿಷಯ ಇನ್ನೂ ಮುಖ್ಯ. ಪೆಟ್ರೋಲ್ ಮೋಟರಿನಲ್ಲಿ ಪ್ರೊಪೆಲರಿನ ಸ್ವಲ್ಪ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೇಲಿನ ಗಾಳಿ ಪ್ರೊಪೆಲರಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅದು ದೋಣಿಯ ತಳಕ್ಕಿಂತ ಕನಿಷ್ಠ ಒಂದಿಂಚು ಕೆಳಗಿರಬೇಕು. ಹಾಯಿದೋಣಿಯಲ್ಲಿ ಇನ್ನೂ ಕೆಳಗಿದ್ದರೆ ಒಳ್ಳೆಯದು. ಯಾಕೆಂದರೆ ಹಾಯಿ ಇಳಿಸಲು ಒಬ್ಬರು ಮೂತಿಯ ಕಡೆ ನಡೆದರೆ ಸಾಕು, ಹಿಂಭಾಗ ಮೇಲೆದ್ದು ಪ್ರೊಪೆಲರ್ ಗಾಳಿಯಲ್ಲಿ ಕಿರುಚತೊಡಗುತ್ತದೆ. ಮೋಟರಿನ ಕಾಲು, ಅಂದರೆ ಶಾಫ್ಟ್, 15 ಇಂಚಿನದು, 20 ಇಂಚಿನದು, 25 ಇಂಚಿನದು ಅಂತ ಬರುತ್ತವೆ. ಹಾಯಿದೋಣಿಗೆ ಸಾಮಾನ್ಯವಾಗಿ 20 ಅಥವಾ 25 ಇಂಚಿನದೇ ಸರಿ. ಎಲೆಕ್ಟ್ರಿಕ್ ಮೋಟರಿನ ಕಾಲನ್ನು ಏರಿಸಿ ಇಳಿಸಬಹುದು. ಪ್ರೊಪೆಲರಿನ ತುದಿ ನೀರಿನ ಮಟ್ಟದಿಂದ ಸುಮಾರು ಒಂದಡಿ ಕೆಳಗಿರುವಂತೆ ನೋಡಿಕೊಳ್ಳಿ.

ಮೋಟರನ್ನು ಮೇಲೆ ಮಡಚಿಟ್ಟಾಗಲೂ ಒಮ್ಮೆ ನೋಡಬೇಕು. ಮಡಚಿದ ಮೋಟರ್ ನೀರಿಗೆ ತಾಗಬಾರದು. ಅದರ ತಲೆ ದೊಡ್ಡ ಹಾಯಿಯ ಹಗ್ಗ ಓಡಾಡುವ ದಾರಿಯಲ್ಲೂ ಇರಬಾರದು. ದೋಣಿ ತಿರುಗುವಾಗ ಹಾಯಿ ಈ ಕಡೆಯಿಂದ ಆ ಕಡೆಗೆ ಹಾರುತ್ತದಲ್ಲ, ಆಗ ಸಡಿಲವಾದ ಹಗ್ಗ ಮೋಟರಿನ ತಲೆಗೆ ಸುತ್ತಿಕೊಂಡರೆ ಒಂದು ಕ್ಷಣದಲ್ಲಿ ದೋಣಿ ವಾಲಿಬಿಡುತ್ತದೆ. ಮನೆ ಅಂಗಳದಲ್ಲೇ ಹಾಯಿಯ ಕಂಬ ಎಬ್ಬಿಸಿ, ಹಗ್ಗ ಎಳೆದು ಬಿಟ್ಟು ಇದನ್ನು ಪರೀಕ್ಷಿಸಬಹುದು.

ಸಾಮಾನು

ಹೊರಗಡೆ ಬ್ರಾಕೆಟ್ಟಿನ ಕೆಳಗೆ ಒಂದು ಹಲಗೆ, ಒಳಗಡೆ ಒಂದು ಪ್ಲೇಟ್. ಹಲಗೆಗೆ ತೇಗ ಆಗುತ್ತದೆ, ಮರೈನ್ ಪ್ಲೈ ಆಗುತ್ತದೆ, ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪ ಶೀಟ್ ಕೂಡ ಆಗುತ್ತದೆ. ಪ್ಲೈ ಕೊಳ್ಳುವಾಗ ಅಂಗಡಿಯವರ ಬಾಯಿಮಾತು ಬಿಟ್ಟು ಶೀಟಿನ ಮೇಲಿನ ಮುದ್ರೆ ನೋಡಿ. ಮರೈನ್ ಪ್ಲೈಗೆ ಐಎಸ್ 710 ಅಂತ ಇರುತ್ತದೆ. ಐಎಸ್ 303 ಅಂತ ಇದ್ದರೆ ಅದು ಬೀರು, ಕಪಾಟಿನ ಪ್ಲೈ. ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಬಳಿಯಿರಿ, ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ.

ಒಳಗಿನ ಪ್ಲೇಟಿಗೆ 6 ಎಂಎಂ ಅಲ್ಯೂಮಿನಿಯಂ ಶೀಟ್ ನನಗೆ ಇಷ್ಟ. ಬ್ರಾಕೆಟ್ಟಿಗಿಂತ ನಾಲ್ಕೂ ಕಡೆ ಎರಡಿಂಚು ದೊಡ್ಡದಿರಲಿ. ಮೂಲೆಗಳನ್ನು ದುಂಡಗೆ ಉಜ್ಜಿಸಿ. ಚೂಪು ಮೂಲೆ ಫೈಬರಿಗೆ ಚುಚ್ಚಿ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಅಲ್ಯೂಮಿನಿಯಂ ಸಿಗದಿದ್ದರೆ 18 ಎಂಎಂ ಮರೈನ್ ಪ್ಲೈ, ಅದರ ಮೇಲೆ ದೊಡ್ಡ ವಾಷರ್.

ಬೋಲ್ಟಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಸ್‌ಎಸ್ ಅಂತ ಕೊಡುವುದರಲ್ಲಿ 202 ಗ್ರೇಡೂ ಇರುತ್ತದೆ. ಅದು ಗೇಟು, ರೇಲಿಂಗಿಗೆ ಸರಿ, ಸದಾ ಒದ್ದೆಯಾಗುವ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಬೋಲ್ಟಿನ ತಲೆ ಮೇಲೆ ಎ2-70 ಅಂತ ಒತ್ತಿದ್ದರೆ ಅದು 304ರ ಜಾತಿ. ಎ4 ಅಂತ ಇದ್ದರೆ 316ರ ಜಾತಿ. ಕೆರೆ ನೀರಿಗೆ ಎ2 ಸಾಕು. ಸಮುದ್ರಕ್ಕೆ ಹೋಗುವ ದೋಣಿಗೆ ಎ4 ಬೇಕು. ಆಯಸ್ಕಾಂತ ಹಿಡಿದು ಇವೆರಡರಲ್ಲಿ ಯಾವುದು ಅಂತ ಹೇಳಲಾಗುವುದಿಲ್ಲ. ಸಣ್ಣ ಮೋಟರಿಗೆ 8 ಎಂಎಂ ಬೋಲ್ಟ್, 20 ಕೆಜಿ ದಾಟಿದರೆ 10 ಎಂಎಂ ಹಾಕಿ. ನಟ್ ನೈಲಾಕ್ ಇರಲಿ, ಒಳಗೆ ನೈಲಾನ್ ಬಳೆ ಇರುವುದರಿಂದ ನಡುಕಕ್ಕೆ ಸಡಿಲವಾಗುವುದಿಲ್ಲ. ಗೋಡೆಗೆ ಮರದ ಸ್ಕ್ರೂ ಮಾತ್ರ ಬೇಡ, ಎಷ್ಟೇ ಉದ್ದದ್ದಾದರೂ.

ತೂತು ಹಾಕುವುದು

ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೊದಲು 3 ಎಂಎಂ ಬಿಟ್ಟಿನಲ್ಲಿ ಹೊರಗಿನಿಂದ ಒಳಕ್ಕೆ ತೂತು ಹಾಕಿ, ಒಳಗೆ ಹೋಗಿ ಅದು ಎಲ್ಲಿಗೆ ಬಂತು ನೋಡಿ. ಪ್ಲೇಟ್ ಚಪ್ಪಟೆಯಾಗಿ ಕೂರುತ್ತದಾ, ಯಾವುದಾದರೂ ಮೂಲೆ ಅಡ್ಡ ಬರುತ್ತದಾ ಅಂತ ಈಗಲೇ ಗೊತ್ತಾಗಬೇಕು. ಸರಿಯಿದ್ದರೆ ದೊಡ್ಡ ಬಿಟ್. ಹೊರಪದರದ ಹೊಳಪು ಕೋಟ್ ಸಿಡಿಯದಿರಲು ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಒಂದು ಗುಳಿ ಮಾಡಿಕೊಳ್ಳಿ, ಆಮೇಲೆ ಸೀದಾ, ನಿಧಾನಕ್ಕೆ. ಫೈಬರ್ ಧೂಳು ಮೈಗೆ ತುರಿಕೆ, ಎದೆಗೆ ಕೇಡು. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಂಡೇ ಕೆಲಸಕ್ಕಿಳಿಯಿರಿ.

ನಡುವೆ ಮರವಿರುವ ಗೋಡೆಯಾದರೆ ಇಲ್ಲಿ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಬಹಳ ಜನ ಆ ದಿನ ಉಳಿಸಲು ಹೋಗಿ ಆಮೇಲೆ ದೋಣಿಯನ್ನೇ ಕಳೆದುಕೊಳ್ಳುತ್ತಾರೆ. 8 ಎಂಎಂ ಬೋಲ್ಟಿಗೆ 12-13 ಎಂಎಂ ತೂತು ಹಾಕಿ. ಒಳಬದಿಗೆ ಟೇಪ್ ಒತ್ತಿ ಮುಚ್ಚಿ. ಮೊದಲು ತೆಳು ಎಪಾಕ್ಸಿಯನ್ನು ಕಿವಿ ಕಡ್ಡಿಯಿಂದ ತೂತಿನ ಗೋಡೆಗೆಲ್ಲ ಬಳಿಯಿರಿ, ಮರ ಅದನ್ನು ಹೀರಿಕೊಳ್ಳಲಿ. ನಂತರ ಎಪಾಕ್ಸಿಗೆ ದಪ್ಪ ಮಾಡುವ ಪುಡಿ ಬೆರೆಸಿ, ಸಿರಿಂಜಿನಲ್ಲಿ ಗುಳ್ಳೆ ಬಾರದಂತೆ ತುಂಬಿ. ಮಾರನೆಯ ದಿನ ಗಟ್ಟಿಯಾದ ಮೇಲೆ ಉಜ್ಜಿ, ಅದರ ನಟ್ಟನಡುವೆ 8 ಎಂಎಂ ತೂತು ಹಾಕಿ. ಈಗ ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆ ಇದೆ. ನಾಳೆ ಸೀಲೆಂಟ್, ಅಂದರೆ ನೀರು ಸೋರದಂತೆ ಸಂದಿಗೆ ಹಚ್ಚುವ ಅಂಟು, ಕೈಕೊಟ್ಟರೂ ನೀರು ಮರಕ್ಕೆ ಇಳಿಯುವುದಿಲ್ಲ, ಎಷ್ಟು ಬಿಗಿದರೂ ಗೋಡೆ ಚಪ್ಪಟೆಯಾಗುವುದಿಲ್ಲ. ನಲ್ಲಿ ಸೋರಿಕೆಗೆ ಹಚ್ಚುವ ಪುಟ್ಟಿ ತುರುಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಅದು ತೂತು ಮುಚ್ಚುತ್ತದೆ, ಮರದೊಳಕ್ಕೆ ಇಳಿಯುವುದಿಲ್ಲ.

ನಮ್ಮ ಬೇಸಿಗೆಯಲ್ಲಿ ಎಪಾಕ್ಸಿ ಬೇಗ ಬಿಸಿಯಾಗಿ ಬಟ್ಟಲಲ್ಲೇ ಕಲ್ಲಾಗುತ್ತದೆ. ಬೆಳಗ್ಗೆಯೇ, ನೆರಳಲ್ಲಿ, ಒಮ್ಮೆಗೆ ಸ್ವಲ್ಪವೇ ಕಲಸಿ.

ಬಿಗಿಯುವುದು

ಇದಕ್ಕೆ ಇಬ್ಬರು ಬೇಕು. ಮೊದಲು ಏನೂ ಹಚ್ಚದೆ ಎಲ್ಲವನ್ನೂ ಒಮ್ಮೆ ಜೋಡಿಸಿ ನೋಡಿ, ಬಿಚ್ಚಿ. ತೂತಿನ ಹೊರ ಅಂಚನ್ನು ಸ್ವಲ್ಪ ಇಳಿಜಾರಾಗಿ ಕೆರೆಯಿರಿ, ಸೀಲೆಂಟ್ ಕೂರಲು ಜಾಗ ಬೇಕು. ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟನ್ನು ಹಲಗೆಯ ಹಿಂದೆ, ಬೋಲ್ಟಿನ ಕತ್ತಿನ ಸುತ್ತ, ಧಾರಾಳವಾಗಿ ಹಚ್ಚಿ. ಬಾತ್‌ರೂಮಿನ ಸಿಲಿಕಾನ್ ಬೇಡ. ಅದರ ಕಲೆ ಉಳಿದ ಕಡೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ.

ಹೊರಗಿರುವವರು ಬೋಲ್ಟಿನ ತಲೆಯನ್ನು ಅಲುಗಾಡದಂತೆ ಹಿಡಿಯಬೇಕು, ಒಳಗಿರುವವರು ನಟ್ ತಿರುಗಿಸಬೇಕು. ಬೋಲ್ಟೇ ತಿರುಗಿದರೆ ಹಚ್ಚಿದ ಸೀಲೆಂಟ್ ಕಿತ್ತುಬರುತ್ತದೆ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ವೇಗವಾಗಿ ತಿರುಗಿಸಿದರೆ ಮರೆ, ಅಂದರೆ ತಿರುಪಿನ ಸುತ್ತು, ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಗರಗಸವೇ ಗತಿ. ಮರೆಗೆ ಸ್ವಲ್ಪ ಗ್ರೀಸ್ ಮುಟ್ಟಿಸಿ, ಕೈ ಸ್ಪ್ಯಾನರಿನಲ್ಲೇ ಬಿಗಿಯಿರಿ, ಮಿಷಿನ್ ಬೇಡ. ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ. ಸುತ್ತಲೂ ಸೀಲೆಂಟ್ ಒಂದೇ ಸಮನೆ ಹೊರಗೆ ಉಕ್ಕಿದರೆ ನಿಲ್ಲಿಸಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಕೊನೆಗೆ ನಟ್ಟಿಗೆ ಇನ್ನು ಕಾಲು ಸುತ್ತು ಕೊಡಿ.

ಕೊನೆಯಲ್ಲಿ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಉಗುರಿನ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ಕೇಳಿ ತಗೊಳ್ಳಿ, ಕೆಂಪಾದರೆ ಚೆನ್ನಾಗಿ ಕಾಣುತ್ತದೆ. ನಟ್ ಒಂದು ಕೂದಲಿನಷ್ಟು ತಿರುಗಿದರೂ ಗೆರೆ ಮುರಿದಿರುತ್ತದೆ.

ಮೋಟರ್ ಏರಿಸಿದ ಮೇಲೆ

ಮೋಟರಿಗೆ ಎರಡು ಕೈತಿರುಪು ಕ್ಲಾಂಪ್ ಇರುತ್ತವೆ. ಬ್ರಾಕೆಟ್ ಎಷ್ಟೇ ಗಟ್ಟಿಯಿದ್ದರೂ ಇವು ನಡುಕಕ್ಕೆ ಸಡಿಲವಾಗುತ್ತವೆ. ಕೈಯಲ್ಲಿ ಬಿಗಿಯಿರಿ, ಹೊರಟ ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿಗಿಯಿರಿ. ಎರಡೂ ಹಿಡಿಗಳನ್ನು ಸೇರಿಸಿ ಬೀಗ ಹಾಕುವ ಪಟ್ಟಿ ಸಿಗುತ್ತದೆ, ಹಾಕಿದರೆ ಹಿಡಿ ತಿರುಗುವುದೂ ಇಲ್ಲ, ಮೋಟರ್ ಕಳುವಾಗುವುದೂ ಕಷ್ಟ. ಕ್ಲಾಂಪಿನ ಜೊತೆಗೆ ಬೋಲ್ಟ್ ತೂತು ಕೊಟ್ಟಿರುವ ಮೋಟರಾದರೆ ಅದನ್ನೂ ಬಳಸಿ.

ಇನ್ನು ಕಾವಲು ಹಗ್ಗ. 8 ಎಂಎಂ ನೈಲಾನ್ ಹಗ್ಗವೋ ಸ್ಟೀಲ್ ಸರಪಳಿಯೋ ಮೋಟರಿನಿಂದ ದೋಣಿಗೆ ಕಟ್ಟಿರಬೇಕು. ಎಷ್ಟೋ ದೋಣಿಗಳಲ್ಲಿ ಅದನ್ನು ಬ್ರಾಕೆಟ್ಟಿಗೇ ಕಟ್ಟಿರುತ್ತಾರೆ. ಬ್ರಾಕೆಟ್ಟೇ ಕಿತ್ತುಬಂದರೆ ಮೋಟರ್, ಬ್ರಾಕೆಟ್, ಹಗ್ಗ ಮೂರೂ ಒಟ್ಟಿಗೇ ಮುಳುಗುತ್ತವೆ. ಹಗ್ಗಕ್ಕೆ ಬೇರೆಯೇ ಕೊಂಡಿ, ಅದಕ್ಕೂ ಒಳಗೆ ಪ್ಲೇಟ್. ಹಗ್ಗ ಗಿಡ್ಡವಿರಲಿ.

ಎಲೆಕ್ಟ್ರಿಕ್ ಮೋಟರಿನ ಬ್ಯಾಟರಿಯನ್ನು ಹಿಂದೆ ಇಡಬೇಡಿ. 100 ಎಎಚ್ ಲೆಡ್ ಬ್ಯಾಟರಿ 25 ಕೆಜಿ ಮೇಲೆ ತೂಗುತ್ತದೆ. ನೀವು, ಮೋಟರ್, ಬ್ಯಾಟರಿ ಎಲ್ಲ ಹಿಂದೆ ಕೂತರೆ ದೋಣಿ ಬಾಲ ಊರಿಕೊಂಡೇ ಹೋಗುತ್ತದೆ. ದೋಣಿಯ ನಡುವೆ ಬೆಲ್ಟ್ ಹಾಕಿ ಕಟ್ಟಿ, ವೈರು ಉದ್ದವಾದಷ್ಟೂ ದಪ್ಪದ್ದು ತನ್ನಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ.

ಮೊದಲ ಪರೀಕ್ಷೆ ದಡದಲ್ಲೇ. ದೋಣಿಯನ್ನು ಹಗ್ಗದಿಂದ ಗಟ್ಟಿಯಾಗಿ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು, ಮುಂದಕ್ಕೆ ಪೂರ್ತಿ ಜೋರು ಕೊಟ್ಟು ಐದು ನಿಮಿಷ ಓಡಿಸಿ. ಒಬ್ಬರು ಒಳಗೆ ಬಗ್ಗಿ ಪ್ಲೇಟ್ ನೋಡುತ್ತಿರಲಿ. ಗೋಡೆ ಕಣ್ಣಿಗೆ ಕಾಣುವಷ್ಟು ಬಾಗುತ್ತಿದ್ದರೆ ಪ್ಲೇಟ್ ಚಿಕ್ಕದಾಯಿತು ಅಂತ ಅರ್ಥ. ಇನ್ನೂ ದೊಡ್ಡದು ಹಾಕಿ, ಅಥವಾ ಗೋಡೆಯಿಂದ ದೋಣಿಯ ತಳಕ್ಕೆ ಒಂದು ಆನಿಕೆ ಕೊಡಿಸಿ. ನಂತರ ರಿವರ್ಸ್, ಆಗ ಎಳೆತ ಕೆಳಗಿನ ಬೋಲ್ಟಿಗೆ ಬರುತ್ತದೆ. ಮುಗಿದ ಮೇಲೆ ಬ್ರಾಕೆಟ್ಟಿನ ಮೂಲೆಗಳ ಹತ್ತಿರ ಕೂದಲಿನಂಥ ಬಿರುಕು ಬಂದಿದೆಯಾ, ಒಳಗೆ ಬೋಲ್ಟಿನ ಬುಡದಲ್ಲಿ ತೇವ ಇದೆಯಾ ನೋಡಿ. ಒಣ ಟಿಶ್ಯೂ ಕಾಗದ ಒತ್ತಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ.

ಮಾರ್ಕೋನಹಳ್ಳಿ ಜಲಾಶಯಕ್ಕೋ ಬೇರೆ ಕೆರೆಗೋ ಟ್ರೇಲರ್ ಮೇಲೆ ದೋಣಿ ಒಯ್ಯುವಾಗ ಮೋಟರನ್ನು ಬಿಚ್ಚಿ ಗಾಡಿಯೊಳಗೆ ಇಡಿ. ಕೆರೆಯಲ್ಲಿ ಇಡೀ ದಿನ ಬೀಳದ ಹೊಡೆತ ಊರೊಳಗಿನ ಒಂದು ಹಂಪಿನಲ್ಲಿ ಬೀಳುತ್ತದೆ. ದೋಣಿ ಇಳಿಸುವ ಮುಂಚೆ ಉಗುರು ಬಣ್ಣದ ಗೆರೆ ನೋಡುವುದು ಅಭ್ಯಾಸವಾಗಲಿ. ವರ್ಷಕ್ಕೊಮ್ಮೆ ಒಂದು ಬೋಲ್ಟನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆಯಿರಿ. ಬೋಲ್ಟಿನ ಮೈ ಒಣಗಿ ಹೊಳೆಯುತ್ತಿದ್ದರೆ ಹೊಸ ಸೀಲೆಂಟ್ ಹಚ್ಚಿ ವಾಪಸ್ ಹಾಕಿ. ಕಂದು ಬಣ್ಣದ ನೀರು ಇಳಿದು ಬಂದರೆ ನಾಲ್ಕನ್ನೂ ಬಿಚ್ಚಬೇಕು.